ದೂರಿಲ್ಲದ ಊರುಗಳು

ಜೂನ್ 3, ಸೋಮವಾರ. ಸಂಜೆ

ಮೂವತ್ತೆಂಟು ಅರ್ಜಿ. ಊಟದ ಹೊತ್ತಿಗೆಲ್ಲ ಸೀಲು ಬಿತ್ತು, ನಂಬರು ಬಿತ್ತು. ಪಟ್ಟಣದ ಚರಂಡಿ, ಪಟ್ಟಣದ ಬೀದಿನಾಯಿ, ಅಳಿಯನ ಮೇಲೆ ಮಾವ, ಮಾವನ ಮೇಲೆ ಅಳಿಯ. ಹೊಳೆಯಾಚೆಯ ಮೂವತ್ತೊಂದು ಊರುಗಳಿಂದ — ಎರಡೇ.

ಮಧ್ಯಾಹ್ನ ನಕ್ಷೆ. ಹೊಸ ಸಾಹೇಬರು ಬಂದಾಗಿನಿಂದ ತಿಂಗಳ ಮೊದಲ ಸೋಮವಾರ ಇದೊಂದು ಕೆಲಸ. ನನ್ನ ರಿಜಿಸ್ಟರು ನೋಡಿಕೊಂಡು ಒಂದೊಂದು ಊರಿಗೂ ಬಣ್ಣ ಹಾಕಬೇಕು. ತಿಂಗಳಲ್ಲಿ ಹತ್ತಕ್ಕಿಂತ ಹೆಚ್ಚು ದೂರು ಬಂದರೆ ಕೆಂಪು. ಎರಡರಿಂದ ಹತ್ತು, ಹಳದಿ. ಅದಕ್ಕೂ ಕಡಿಮೆ, ಹಸಿರು. ಕೆಂಪು ಊರಿಗೆ ಕ್ಯಾಂಪಿನಿಂದ ಸಿಪಾಯಿಗಳ ಲಾರಿ ಹೋಗುತ್ತದೆ. ಹಸಿರು ಊರಿನ ದಾರಿಯಲ್ಲಿ ತಪಾಸಣೆ ಗೇಟು ಎತ್ತಿಬಿಡುತ್ತಾರೆ. ನಕ್ಷೆ ಬರೆಯುವವರ ಹುದ್ದೆ ಖಾಲಿಯಾಗಿ ಆರು ವರ್ಷ. ಹಾಗಾಗಿ ಪೆನ್ಸಿಲು ನನ್ನ ಕೈಗೆ ಬಂದಿದೆ.

ಆಫೀಸಿನಲ್ಲಿ ಆ ಊರುಗಳಿಗೆ ಹೆಸರಿಲ್ಲ, ನಂಬರು. ಇವತ್ತು ಇಪ್ಪತ್ತಾರು ಹಸಿರು. ಫ್ಯಾನು ನಿಧಾನ ತಿರುಗುತ್ತಿತ್ತು, ಕಿಟಕಿಯ ಬಿಸಿಲು ಕಾಗದದ ಮೇಲೆ ಮಲಗಿತ್ತು. ಹೊಳೆಯ ಆ ದಡದಿಂದ ಪಾಚಿ ಹಬ್ಬುತ್ತಿರುವ ಹಾಗೆ ಕಂಡಿತು. ಕಣ್ಣು ಎಳೆಯುತ್ತಿತ್ತು.

ಎರಡು ವರ್ಷದ ಹಿಂದೆ ಅಲ್ಲಿ ಅರಣ್ಯ ಇಲಾಖೆಯ ಠಾಣೆ ಸುಟ್ಟಿದ್ದರು. ಬಂದೂಕು ಹಿಡಿದು ಕಾಡು ಸೇರಿದವರು. ಪಟ್ಟಣದಲ್ಲಿ ಅವರಿಗೆ ‘ಆಚೆಯವರು’ ಎಂದಷ್ಟೇ ಹೆಸರು. ಈಗ ಎಲ್ಲ ತಣ್ಣಗಾಗಿದೆ ಎನ್ನುತ್ತಾರೆ. ಸಾಹೇಬರಿಗೆ ಮೇಲಿನಿಂದ ಮೆಚ್ಚುಗೆಯ ಪತ್ರ ಬಂದಿದೆ.

ಜವಾನ ನಕ್ಷೆಯ ಮೇಲೆ ಬಗ್ಗಿ ನೋಡಿದ. ರಿಟೈರಾಗಲು ಎರಡು ವರ್ಷ ಇರುವ ಮನುಷ್ಯ, ಬಾಯಿಗೆ ಬೀಗವಿಲ್ಲ.

“ಹೊಳೆಯಾಚೆಯವ್ರಿಗೆಲ್ಲ ಒಟ್ಟೊಟ್ಟಿಗೇ ಜ್ಞಾನೋದಯ ಆಗಿದೆ ಮೇಡಂ. ಯಾರಿಗೂ ಯಾರ ಮೇಲೂ ಸಿಟ್ಟಿಲ್ಲ. ನಮ್ಮನೆಯವಳನ್ನೂ ಒಂದು ತಿಂಗಳು ಅಲ್ಲಿ ಬಿಟ್ಟು ಬರ್ಲಾ?”

ಹಸಿರು ಪೆನ್ಸಿಲು ಗೇಣಿನಷ್ಟಿದ್ದದ್ದು ಬೆರಳಿನಷ್ಟಾಗಿದೆ.

ಜೂನ್ 8, ಶನಿವಾರ

ತಂಗಿ ಬಂದಳು. ಎರಡು ವಾರಕ್ಕೊಮ್ಮೆ ಶನಿವಾರದ ಮೊದಲ ಬಸ್ಸಿಗೆ ಬಂದು ಭಾನುವಾರ ಸಂಜೆಯ ಬಸ್ಸಿಗೆ ವಾಪಸ್ಸು. 23ನೇ ಊರಿನ ಆರೋಗ್ಯ ಕೇಂದ್ರಕ್ಕೆ ಅವಳೇ ನರ್ಸು, ಅವಳೇ ಕಸ ಗುಡಿಸುವವಳು.

“ಅಕ್ಕಾ, ಇನ್ನೂ ಇದೇ ಚಾದರ ಹೊದೀತಿದೀಯಾ? ಇದಕ್ಕೊಂದು ಪೆನ್ಷನ್ ಕೊಟ್ಟು ಕಳಿಸೇ ಮಾರಾಯ್ತಿ.”

ಸ್ನಾನ ಮಾಡಿ, ಕೂದಲು ಬಿಚ್ಚಿ, ಬಾಗಿಲ ಬಿಸಿಲಿಗೆ ಕೂತಳು. ಡಾಕ್ಟರು ಈಗ ವಾರವಾರವೂ ಬರುತ್ತಾರಂತೆ. ಮೊದಲು ಆರು ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಔಷಧಿ ಬೀರುವಿಗೆ ಬೀಗ ಹಾಕುವುದನ್ನೇ ಬಿಟ್ಟಿದ್ದಾಳಂತೆ. ಸಂಜೆ ಒಬ್ಬಳೇ ನಡೆದು ಬಂದರೂ ಯಾರೂ ಶಿಳ್ಳೆ ಹೊಡೆಯುವುದಿಲ್ಲ.

“ಹೇಗೇ ಹಾಗೆ?” ಎಂದೆ.

“ಊರು ಸುಧಾರಿಸಿದೆ, ಅಷ್ಟೇ.” ಬಾಚಣಿಗೆಯಿಂದ ಕೂದಲು ತೆಗೆಯುತ್ತ, ನನ್ನ ಕಡೆ ನೋಡದೆ.

ಆಮೇಲೆ ಅಲ್ಲೇ ಒರಗಿ ನಿದ್ದೆ ಹೋದಳು. ಬಾಯಿ ಸ್ವಲ್ಪ ತೆರೆದು, ಮಗುವಿನ ಹಾಗೆ. ಹನ್ನೆರಡು ವರ್ಷ ನನಗಿಂತ ಚಿಕ್ಕವಳು. ಅಮ್ಮ ಹೋದಾಗ ನನ್ನ ಸೆರಗು ಹಿಡಿದುಕೊಂಡೇ ಓಡಾಡುತ್ತಿದ್ದಳು.

ಜೂನ್ 19, ಬುಧವಾರ

ಬದುವಿನ ಅಜ್ಜ ಬಂದಿದ್ದ. 17ನೇ ಊರಿನವನು. ಪಕ್ಕದ ಹೊಲದವನು ಗಡಿಕಲ್ಲು ಕಿತ್ತು ನಾಲ್ಕು ಮಾರು ಈಚೆ ನೆಟ್ಟ — ಅಂತ ಹನ್ನೊಂದು ವರ್ಷದಿಂದ ಅರ್ಜಿ ಕೊಡುತ್ತಿದ್ದಾನೆ. ವರ್ಷಕ್ಕೆ ಮೂರು ಸಲ. ಅವನ ಹೆಬ್ಬೆಟ್ಟಿನ ಗೆರೆಗಳು ನನಗೆ ನನ್ನ ಅಂಗೈಯಷ್ಟೇ ಪರಿಚಯ.

“ಅರ್ಜಿ ವಾಪಸ್ ತಗೋಬೇಕಿತ್ತು ತಾಯಿ. ಕಲ್ಲು ನಮ್ ಜಾಗಕ್ಕೆ ಬಂತು.”

“ಯಾರು ತೀರ್ಮಾನ ಮಾಡಿದ್ರು ಅಜ್ಜಾ?”

ಫ್ಯಾನಿನ ಕಡೆ ನೋಡಿದ. “ತಿಳಿದವರು.”

“ಎಷ್ಟು ದಿನ ಹಿಡೀತು?”

“ದಿನ ಎಲ್ಲಿ? ಮರದ ನೆರಳು ಒಂದು ಮೊಳ ಸರಿಯೋದ್ರೊಳಗೆ ಮುಗೀತು. ನನ್ನ ಮಾತು ಕೇಳಿದ್ರು, ಅವನ ಮಾತು ಕೇಳಿದ್ರು.”

“ಅವನು ಒಪ್ಪಿದನಾ?”

“ಒಪ್ಪದೆ ಏನ್ಮಾಡ್ತಾನೆ?” ನಕ್ಕ. ನಗು ಅರ್ಧಕ್ಕೇ ನಿಂತಿತು. “ಅವನ ಕೈ ಇನ್ನೊಂದು ತಿಂಗಳಲ್ಲಿ ಸರಿ ಹೋಗುತ್ತೆ ಬಿಡಿ.”

ವಾಪಸಾತಿ ನಮೂನೆಯ ಮೇಲೆ ಹೆಬ್ಬೆಟ್ಟು ಒತ್ತಿದ. ಹೋಗುವ ಮುಂಚೆ ಗ್ರಿಲ್ಲಿಗೆ ಮುಖ ತಂದು, ಗುಟ್ಟು ಹೇಳುವ ಹಾಗೆ —

“ಬೇಜಾರ್ ಮಾಡ್ಕೋಬೇಡಿ ತಾಯಿ. ಹನ್ನೊಂದು ವರ್ಷ ಇಲ್ಲಿ ನಿಂತಿದೀನಿ. ಯಾರೂ ಕೂತ್ಕೋ ಅಂದಿಲ್ಲ. ಅವ್ರು ಕೂರಿಸಿ ಮಾತಾಡಿಸಿದ್ರು.”

ಅವನು ಹೋದ ಮೇಲೆ ಎದ್ದು ಗ್ರಿಲ್ಲಿನ ಆ ಕಡೆ ಹೋಗಿ ನೋಡಿದೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಹೌದು. ಆ ಕಡೆ ಒಂದು ಕುರ್ಚಿಯೂ ಇಲ್ಲ. ಅಲ್ಲಿಂದ ನನ್ನ ಮೇಜು ಎಷ್ಟೋ ಎತ್ತರದಲ್ಲಿ ಕಾಣುತ್ತದೆ.

ಜೂನ್ 20, ಗುರುವಾರ. ಸಂಜೆ

ರೆಕಾರ್ಡ್ ರೂಮಿನ ಬೀಗದ ಕೈ ಕೇಳಿದೆ. “ಹಳೇ ರಿಜಿಸ್ಟರು ಯಾಕೆ ಮೇಡಂ? ಹಳೇ ಲವ್ ಲೆಟರ್ ಹುಡುಕ್ತೀರಾ?” ಎಂದ ಜವಾನ.

ಹೊಳೆಯಾಚೆಯ ಒಂದೊಂದು ಊರಿನ ದೂರನ್ನೂ ತಿಂಗಳುವಾರು ಎಣಿಸಿದೆ. ಎಲ್ಲದರ ಕಥೆಯೂ ಒಂದೇ. ವರ್ಷಗಟ್ಟಲೆ ನಾಲ್ಕು, ಐದು, ಆರು. ಅರಣ್ಯದ ಗಾರ್ಡು ಸೌದೆ ಹೊರೆ ಕಿತ್ತುಕೊಂಡ, ಡಾಕ್ಟರು ಬರುವುದಿಲ್ಲ, ಸೇತುವೆ ಮುರಿದಿದೆ. ಆಮೇಲೆ ಒಂದು ವರ್ಷ ಏರುತ್ತದೆ — ಹನ್ನೆರಡು, ಇಪ್ಪತ್ತು. ಅದೇ ಅರ್ಜಿ, ಅದೇ ಹೆಬ್ಬೆಟ್ಟು. ಪಕ್ಕದಲ್ಲಿ ನನ್ನದೇ ಕೈಬರಹದ ಷರಾ: ಪರಿಶೀಲನೆಯಲ್ಲಿದೆ. ಆಮೇಲೆ ಒಂದು ತಿಂಗಳು, ಏನೂ ಇಲ್ಲ. ಕಡಿಮೆಯಾಗುವುದಲ್ಲ. ನಿಲ್ಲುವುದು. ಮಾತಿನ ನಡುವೆ ಯಾರೋ ಎದ್ದು ಹೋದ ಹಾಗೆ.

ಸಮಾಧಾನವಾಗಿದ್ದರೆ ಒಂದೆರಡಾದರೂ ಬರುತ್ತಿತ್ತು. ಜಗಳವಿಲ್ಲದ ಊರಿಲ್ಲ. ಜಗಳ ನಮ್ಮ ಹತ್ತಿರ ಬರುತ್ತಿಲ್ಲ, ಅಷ್ಟೇ.

ಟ್ರೇಸಿಂಗ್ ಕಾಗದದ ಮೇಲೆ ಪ್ರತಿ ಊರು ಸುಮ್ಮನಾದ ತಿಂಗಳನ್ನು ಬರೆದು ಗೆರೆ ಎಳೆದೆ. ಬೆಟ್ಟದ ತಲೆಯ ಮೇಲಿನ 2ರಿಂದ ಶುರು. 5. 11. 14. ಒಂದರಿಂದ ಇನ್ನೊಂದಕ್ಕೆ ಒಂದು ದಿನದ ನಡಿಗೆ. ಯಾರೋ ಅವಸರವಿಲ್ಲದೆ ಇಳಿದು ಬರುತ್ತಿದ್ದಾರೆ, ಊರೂರಲ್ಲಿ ಮರದ ಕೆಳಗೆ ಕೂತು, ಕೇಳಿ, ಎದ್ದು. ಪೆನ್ಸಿಲಿನ ಹಿಂದೆ ನಾನೂ ನಡೆದೆ. ಕಾಗದದ ಮೇಲೆ ಇಬ್ಬನಿ ಇತ್ತು ಅನ್ನಿಸಿತು, ಪಾದ ಒದ್ದೆಯಾದ ಹಾಗೆ.

9ರಲ್ಲಿ ಮಾತ್ರ ಗೆರೆ ಕೆಡುತ್ತದೆ. ಕಳೆದ ವರ್ಷ ಅಲ್ಲಿಗೆ ಕ್ಯಾಂಪಿನ ಲಾರಿಗಳು ಹೋದವು. ಸುತ್ತಲಿನ ನಾಲ್ಕು ಊರು ಒಂದೇ ವಾರದಲ್ಲಿ ಸುಮ್ಮನಾಗಿವೆ. ಅಲ್ಲಿ ನಡೆದವನು ನಡೆಯಲಿಲ್ಲ, ಓಡಿದ.

23 — ಫೆಬ್ರವರಿ. ನಾಲ್ಕು ತಿಂಗಳಾಯಿತು.

ತಂಗಿ ಹೇಳಲಿಲ್ಲ.

ಜೂನ್ 22, ಶನಿವಾರ

ಟ್ರೇಸಿಂಗ್ ಕಾಗದ ಅವಳ ಮುಂದೆ ಹಾಸಿದೆ. ತುಂಬ ಹೊತ್ತು ನೋಡಿದಳು.

“ಎಷ್ಟು ಚೆನ್ನಾಗಿ ಬರ್ದಿದೀಯ.” ನಂತರ, “ಇದನ್ನ ಯಾರಿಗೆ ತೋರಿಸ್ದೆ?”

“ನಿನಗೇ ಮೊದಲು.”

“ಹರಿದು ಹಾಕು.”

ಹರಿದು ಒಲೆಗೆ ಹಾಕಿದೆ. ಆಮೇಲೆ ಹೇಳಿದಳು. ಹೇಳುತ್ತಾ ಹೋದ ಹಾಗೆ ಹಗುರಾದಳು.

ಡಾಕ್ಟರು ತಾವಾಗಿ ಬರುತ್ತಿಲ್ಲ, ಆಚೆಯವರಿಂದ ಅವರಿಗೆ ಚೀಟಿ ಹೋಗಿದೆ. ಗಾರ್ಡು ಕಿತ್ತುಕೊಂಡ ಸೌದೆಯನ್ನೆಲ್ಲ ತಾನೇ ಹೊತ್ತು ಮನೆ ಮನೆಗೆ ಹಾಕಿದ. ಕುಡಿದು ಹೆಂಡತಿಯನ್ನು ಹೊಡೆಯುತ್ತಿದ್ದವನು ಈಗ ಹೊಡೆಯುವುದಿಲ್ಲ. “ನಾನೇ ಎಷ್ಟು ಸಲ ಬ್ಯಾಂಡೇಜ್ ಕಟ್ಟಿದೀನಿ ಅವಳಿಗೆ. ಖುಷಿ ಆಯ್ತು ಅಕ್ಕಾ, ಸುಳ್ಳು ಯಾಕೆ ಹೇಳ್ಲಿ.”

“ಮತ್ತೆ?”

“ಮತ್ತೆ ಮೇಷ್ಟ್ರು.” ಶಾಲೆಯ ಮೇಷ್ಟ್ರಿಗೆ ಫೋನಿನಲ್ಲಿ ಮಾತಾಡುವ ಚಾಳಿ. ಸಿಗ್ನಲ್ ಸಿಗಲೆಂದು ದಿಬ್ಬ ಹತ್ತುತ್ತಿದ್ದರು. ಮಾತಾಡುತ್ತಿದ್ದದ್ದು ಹೆಂಡತಿಯ ಹತ್ತಿರ, ಗಂಟೆಗಟ್ಟಲೆ, ಎಲ್ಲರಿಗೂ ಗೊತ್ತು. ಆದರೂ ಕ್ಯಾಂಪಿಗೆ ಸುದ್ದಿ ಮುಟ್ಟಿಸುತ್ತಾರೆಂಬ ಅನುಮಾನಕ್ಕೆ ಮಾರ್ಚಿನಲ್ಲಿ ಒಂದು ಸಂಜೆ ಇಬ್ಬರು ಬಂದು ಕರೆದುಕೊಂಡು ಹೋದರು. ಊರಿನವರನ್ನು ಕೇಳಿದರೆ ಟ್ರಾನ್ಸ್‌ಫರ್ ಆಯ್ತು ಎನ್ನುತ್ತಾರೆ. “ಅವರ ಚಪ್ಪಲಿ ಇನ್ನೂ ಶಾಲೆ ಬಾಗಿಲಲ್ಲೇ ಇದೆ. ಯಾರೂ ಮುಟ್ಟಲ್ಲ. ನಾನೂ ಮುಟ್ಟಿಲ್ಲ.”

ಅವಳ ಕೈ ಹಿಡಿದುಕೊಂಡೆ. ತಣ್ಣಗಿತ್ತು.

“ವಾಪಸ್ ಹೋಗ್ಬೇಡ. ರಜಾ ಬರಿ.”

“ಎಂಟು ಜನ ಬಸುರೀರು ಇದಾರೆ ಕಣೇ. ನೀನು ಹೋಗ್ತೀಯಾ ಹೆರಿಗೆ ಮಾಡ್ಸೋಕೆ?” ನಕ್ಕಳು. ನಂತರ ಸ್ವರ ಇಳಿಸಿ, “ಒಂದು ಕೆಲಸ ಮಾಡು. ನಿಮ್ಮ ಸಾಹೇಬ್ರನ್ನ ಮಾತ್ರ ಆ ಕಡೆ ಬರದಂಗೆ ನೋಡ್ಕೋ. ಜೀಪಿಗೆ ಕಾಯ್ತಿದಾರೆ. ಆಚೆಯವ್ರು ಗೇಟು ತೆಗೆದ ದಿನದಿಂದ ಹೊಂಚು ಹಾಕಿ ಕಾಯ್ತಿದಾರೆ.”

“ಕ್ಯಾಂಪಿಗೆ ಹೇಳಿದ್ರೆ?”

“ಹೇಳು. 9ರಲ್ಲಿ ಏನಾಯ್ತು ಕೇಳಿದೀಯಲ್ಲ. ಯಾರೋ ಒಬ್ಬ ಲಾರಿಗೆ ಗುಂಡು ಹೊಡೆದ. ನಲವತ್ತು ಜನ ಗಂಡಸರನ್ನ ತುಂಬ್ಕೊಂಡು ಹೋದ್ರು, ಮೂರು ದಿನ ಬಿಸಿಲಲ್ಲಿ ನಿಲ್ಲಿಸಿದ್ರು. ಅದ್ರಲ್ಲಿ ಆಚೆಯವ್ರು ಒಬ್ಬನೋ ಇಬ್ಬರೋ. ವಾಪಸ್ ಬಂದು ವಾರಕ್ಕೆ ಹದಿನಾಲ್ಕು ಜನ ಕಾಡಿಗೆ ಹೋದ್ರು.”

ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಜುಲೈ 1, ಸೋಮವಾರ

ನಕ್ಷೆ. ಇಪ್ಪತ್ತೇಳು ಹಸಿರು. 23ರ ಬಣ್ಣ ಗೆರೆ ದಾಟಿತು.

ಸಾಹೇಬರ ಕೋಣೆಯಲ್ಲಿ ಕ್ಯಾಂಪಿನ ಮೇಜರ್ ಇದ್ದರು. ದಣಿದ ಮುಖ, ಬೂಟಿನ ತುಂಬ ಒಣ ಮಣ್ಣು. ಸಾಹೇಬರು ನಕ್ಷೆ ಬಿಚ್ಚಿ ಮಗುವಿನಂತೆ ಖುಷಿಪಟ್ಟರು. ಒಳ್ಳೆಯ ಮನುಷ್ಯ. ಸಂಜೆ ಏಳರವರೆಗೆ ಫೈಲು ನೋಡುತ್ತಾರೆ, ಯಾರಿಗೂ ಗದರುವುದಿಲ್ಲ. ಅವರು ಇಲ್ಲಿ ಹತ್ತು ವರ್ಷ ಮುಂಚೆ ಬಂದಿದ್ದರೆ.

“ಹತ್ತನೇ ತಾರೀಕು 23ಕ್ಕೆ ಹೋಗ್ತಿದೀನಿ. ನಾಲ್ಕು ತಿಂಗಳಿಂದ ಒಂದೂ ದೂರಿಲ್ಲ. ‘ದೂರುಮುಕ್ತ ಗ್ರಾಮ’ ಅಂತ ಪ್ರಶಸ್ತಿಪತ್ರ ಕೊಡೋಣ ಅಂತ.”

“ನಮ್ಮ ಗಾಡಿ ಕಳಿಸ್ಲಾ?” ಎಂದರು ಮೇಜರ್.

“ಬೇಡ. ಬಂದೂಕು ತಗೊಂಡು ಹೋಗಿ ಶಾಂತಿಗೆ ಬಹುಮಾನ ಕೊಡಕ್ಕಾಗತ್ತಾ?”

ಮೇಜರ್ ನನ್ನ ಕಡೆ ತಿರುಗಿದರು. “ನೀವು ದಿನಾ ನೋಡ್ತೀರಿ ಮೇಡಂ. ಈ ಹಸಿರು ನಿಜಾನಾ? ಯಾವ ಊರಿನ ಮೇಲೆ ಅನುಮಾನ ಇದೆ ಹೇಳಿ, ಸಾಕು. ಮಿಕ್ಕಿದ್ದು ನಾನು ನೋಡ್ಕೋತೀನಿ.”

“9ರಲ್ಲಿ ನೋಡ್ಕೊಂಡ ಹಾಗಾ?” ಎಂದರು ಸಾಹೇಬರು, ಮೆಲ್ಲಗೆ.

ಮೇಜರ್ ಸಿಟ್ಟಾಗಲಿಲ್ಲ. “ಒಬ್ಬ ಹೊಡೆದ. ನಲವತ್ತು ಜನ ನೋಡಿದ್ರು. ಆ ನಲವತ್ತು ಜನರನ್ನ ನಾನು ಕೇಳ್ದೆ. ಈಗ ಹೊಡೆಯೋರು ಹದಿನೈದು. ಗೊತ್ತು ಸಾರ್. ಆದ್ರೆ ಕೇಳದೆ ಇದ್ದಿದ್ರೆ ಆ ಒಬ್ಬ ಇವತ್ತೂ ಅಲ್ಲೇ ಇರ್ತಿದ್ದ. ನನಗೆ ಮೂರನೇ ದಾರಿ ಯಾರೂ ಕಲಿಸಿಲ್ಲ.”

ಇಬ್ಬರೂ ನನ್ನ ಉತ್ತರಕ್ಕೆ ಕಾದರು.

“ರಿಜಿಸ್ಟರಿನಲ್ಲಿ ಇರೋದು ಅಷ್ಟು ಸಾರ್” ಎಂದೆ. ಒಂದು ಸುಳ್ಳೂ ಇಲ್ಲ.

ಹೊರಗೆ ಜವಾನ ಯೂನಿಫಾರಂ ಇಸ್ತ್ರಿಗೆ ಕೊಡುವ ಮಾತಾಡುತ್ತಿದ್ದ. ಜೀಪಿನಲ್ಲಿ ಅವನೂ ಹೋಗುತ್ತಾನೆ. ಡ್ರೈವರು, ಸಾಹೇಬರು, ಅವನು.

ಜುಲೈ 3, ಬುಧವಾರ. ಬೆಳಗ್ಗೆ ಐದೂವರೆ

ಹೇಳಿದರೆ ಲಾರಿಗಳು. ಯಾರು ಹೇಳಿದರೆಂದು ಆಚೆಯವರು ಹುಡುಕುತ್ತಾರೆ, ಪಟ್ಟಣದಲ್ಲಿ ಅಕ್ಕ ಇರುವುದು ನರ್ಸಿಗೆ. ಹೇಳದಿದ್ದರೆ ಜೀಪು.

ಎಚ್ಚರವಾಗುವ ಮುನ್ನ ಬಂತು ಇದು. ಕನಸಲ್ಲಿ ನಕ್ಷೆ ಹಳದಿಯಾಗಿತ್ತು. ಬಿಸಿಲು ಬಿದ್ದ ಹೊಲದ ಹಾಗೆ, ತಲೆನೋವಿಲ್ಲದ ಹಳದಿ. ಹಳದಿ ಊರಿಗೆ ಲಾರಿ ಹೋಗುವುದಿಲ್ಲ. ಪ್ರಶಸ್ತಿಯೂ ಹೋಗುವುದಿಲ್ಲ. ಗೇಟು ಹಾಕುತ್ತಾರೆ, ಅಷ್ಟೇ.

ಹಳದಿಗೆ ಎರಡು ಅರ್ಜಿ ಸಾಕು. ನಾಲ್ಕಿರಲಿ.

ಸಹಿ ಬೇಡ. ‘ನೊಂದ ಗ್ರಾಮಸ್ಥರು’. ಹೆಸರಿಲ್ಲದ ಅರ್ಜಿಗೆ ನೋಂದಣಿ ಮಾತ್ರ, ಕ್ರಮವಿಲ್ಲ — ಹತ್ತೊಂಬತ್ತು ವರ್ಷದಿಂದ ಪಾಲಿಸಿದ ನಿಯಮ. ದಾರಕ್ಕೆ ಪೋಣಿಸಿ ಇಟ್ಟರೆ ಗೆದ್ದಲು ಕೂಡ ಓದುವುದಿಲ್ಲ.

ಎಡಗೈಯಲ್ಲಿ ಬರೆಯಲು ನೋಡಿದೆ. ಕೋಳಿ ಕೆದರಿದ ಹಾಗಾಯಿತು. ಬಲಗೈಯಲ್ಲೇ ಬರೆದೆ. ಒಂದು, ಕೈಪಂಪಿನ ಹಿಡಿ ಮುರಿದಿದೆ. ಎರಡು, ಬಿಡಾಡಿ ದನ. ಮೂರು, ಬಸ್ಸು ನಿಲ್ದಾಣದಲ್ಲಿ ನಿಲ್ಲದೆ ಮುಂದೆ ಹೋಗಿ ನಿಲ್ಲುತ್ತದೆ.

ನಾಲ್ಕನೆಯದಕ್ಕೆ ಕೈ ನಿಂತಿತು. ಬೇರೆ ಏನಾದರೂ ಬರೆಯಬಹುದಿತ್ತು. ಆ ಚಪ್ಪಲಿ ಕಣ್ಣ ಮುಂದೆ ಬಂತು. ಮಳೆ ಗಾಳಿಗೆ ಬಿದ್ದಿರುವ ಜೋಡು. ಒಬ್ಬ ಮನುಷ್ಯ ಇಲ್ಲವಾಗಿ ನಾಲ್ಕು ತಿಂಗಳು, ಎಲ್ಲೂ ಒಂದು ನಂಬರು ಬಿದ್ದಿಲ್ಲ. ಮೂರು ಸುಳ್ಳಿನ ನಡುವೆ ಒಂದು ನಿಜ ಇರಲಿ ಎಂದು ಬರೆದೆ. ಶಾಲೆಯ ಮೇಷ್ಟ್ರು ಮಾರ್ಚ್‌ನಿಂದ ಕಾಣುತ್ತಿಲ್ಲ. ದಯವಿಟ್ಟು ಹುಡುಕಿಸಿಕೊಡಬೇಕು.

ಜುಲೈ 5, ಶುಕ್ರವಾರ

ಪ್ರವಾಸ ಮುಂದಕ್ಕೆ ಹೋಯಿತು. ಸಾಹೇಬರ ಮುಖ ಸಣ್ಣದಾಯಿತು. “ಒಂದೇ ವಾರದಲ್ಲಿ ನಾಲ್ಕು? ಅಂದ್ರೆ ಇಷ್ಟು ದಿನ ಹೇಳ್ಕೊಳ್ಳೋಕೆ ಹೆದರಿದ್ರು ಅಂತಾಯ್ತು” ಎಂದರು. 23ಕ್ಕೆ ಹಳದಿ ಬಳಿದೆ. ಗೇಟು ಮತ್ತೆ ಹಾಕುತ್ತಾರಂತೆ.

ಜವಾನ, “ಇಸ್ತ್ರಿ ದಂಡ ಆಯ್ತಲ್ಲ ಮೇಡಂ.”

ಅವನ ಬೋಳುತಲೆಗೆ ಮುತ್ತು ಕೊಡಬೇಕು ಅನ್ನಿಸಿತು. ಹೊಟ್ಟೆ ತುಂಬ ಉಂಡೆ.

ಜುಲೈ 6, ಶನಿವಾರ

ತಂಗಿ ಬಂದಿದ್ದಳು. ಮತ್ತೆ ಗೇಟು ಹಾಕಿದ್ದಾರೆ, ಬಸ್ಸು ಲೇಟು ಎಂದು ಗೊಣಗಿದಳು. ಯಾಕೆಂದು ನಾನು ಹೇಳಲಿಲ್ಲ. ಮಳೆ ಬಂತು. ಇಬ್ಬರೂ ಒಂದೇ ಚಾದರದಲ್ಲಿ ಮಧ್ಯಾಹ್ನವೆಲ್ಲ ಮಲಗಿದೆವು. ಮಳೆ ನಿಂತದ್ದು ಯಾವಾಗ, ಗೊತ್ತಿಲ್ಲ. ಹಂಚಿನಿಂದ ಹನಿ ಬೀಳುವ ಸದ್ದು ಮಾತ್ರ, ದೂರದಲ್ಲಿ ಯಾರೋ ಎಣಿಸುತ್ತಿರುವ ಹಾಗೆ.

ಜುಲೈ 18, ಗುರುವಾರ

ಕೈ ಬರುತ್ತಿಲ್ಲ ಬರೆಯಲು.

ಬೆಳಗ್ಗೆ ಜವಾನನ ಪ್ಯಾಂಟಿಗೆ ಅಂಟು ಮೆತ್ತಿತ್ತು. ಏನಿದು ಎಂದೆ.

“ನಿನ್ನೆ 23ಕ್ಕೆ ಹೋಗಿದ್ದೆ ಮೇಡಂ, ಬಸ್ಸಲ್ಲಿ. ಸಾಹೇಬ್ರ ಉತ್ತರ ಊರಿನ ಬೋರ್ಡಿಗೆ ಅಂಟಿಸಿ ಬಂದೆ. ಒಬ್ರೂ ನನ್ನ ಹತ್ರ ಮಾತಾಡ್ಲಿಲ್ಲ, ಒಂದು ಲೋಟ ನೀರೂ ಕೊಡ್ಲಿಲ್ಲ. ಎಂಥಾ ಜನ!”

“ಯಾವ ಉತ್ತರ?”

ನಾಲ್ಕಕ್ಕೂ ಉತ್ತರ. ಸಾಹೇಬರು ತಾವೇ ಕೂತು ಬರೆದದ್ದು. ಪಂಪಿಗೆ ಮೆಕ್ಯಾನಿಕ್ ಬರುತ್ತಾನೆ. ದನಕ್ಕೆ ದೊಡ್ಡಿ. ಬಸ್ಸಿನ ಡ್ರೈವರಿಗೆ ನೋಟೀಸು. ಮೇಷ್ಟ್ರ ಬಗ್ಗೆ ತಿಳಿದವರು ಹೆಸರು ಹೇಳದೆ ಮಾಹಿತಿ ಕೊಡಬಹುದು. ಪ್ರತಿಯೊಂದರ ಕೆಳಗೂ ಮೂಲ ಅರ್ಜಿಯ ಝೆರಾಕ್ಸ್, ಯಾವ ದೂರಿಗೆ ಯಾವ ಉತ್ತರ ಎಂದು ಜನಕ್ಕೆ ಗೊತ್ತಾಗಲಿ ಅಂತ.

ಸಾಹೇಬರ ಕೋಣೆಗೆ ಹೋದೆ. “ಹೆಸರಿಲ್ಲದ ಅರ್ಜಿಗೆ ಕ್ರಮ ಇಲ್ಲ ಸಾರ್, ನಿಯಮ...”

“ಗೊತ್ತು ಮೇಡಂ.” ನಕ್ಕರು, ಸ್ವಲ್ಪ ಹೆಮ್ಮೆಯಿಂದ. “ಆ ನಿಯಮದಿಂದಾನೇ ಅಲ್ವಾ ನಾವು ಅವರನ್ನ ಕಳ್ಕೊಂಡಿದ್ದು? ಹೆಸರು ಹಾಕೋಕೆ ಹೆದರೋರಿಗೇ ಮೊದಲು ಉತ್ತರ ಕೊಡಬೇಕು. ಈ ಸಲ ತಡ ಮಾಡಬಾರದು ಅಂತ ಅಂದ್ಕೊಂಡೆ.”

ಅವರು ಹೇಳಿದ್ದರಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.

ಅಪ್ಪ ನಮ್ಮಿಬ್ಬರಿಗೂ ಅಕ್ಷರ ತಿದ್ದಿಸಿದ್ದು ಒಂದೇ ಸ್ಲೇಟಿನ ಮೇಲೆ, ನಮ್ಮ ಕೈಯ ಮೇಲೆ ಕೈಯಿಟ್ಟು. ಅವಳ ಪತ್ರ ನೋಡಿದರೆ ನಾನೇ ನನಗೆ ಬರೆದುಕೊಂಡ ಹಾಗಿರುತ್ತದೆ. ಮೇಷ್ಟ್ರು ಹೋದ ಮೇಲೆ ಆ ಊರಿನಲ್ಲಿ ಒಂದು ಪುಟ ಬರೆಯಬಲ್ಲ ಕೈ ಒಂದೇ.

ಅವಳು ಬರೆದುಕೊಟ್ಟ ಔಷಧಿ ಚೀಟಿಗಳು ಅಲ್ಲಿ ಮನೆ ಮನೆಯ ಗೋಡೆಗೆ ಸಿಕ್ಕಿಸಿರುತ್ತವೆ.

ಜುಲೈ 20, ಶನಿವಾರ

ಬಂದಳು! ಬಸ್‌ಸ್ಟ್ಯಾಂಡಿಗೇ ಹೋಗಿ ನಿಂತಿದ್ದೆ. ಇಳಿದವಳು ಬ್ಯಾಗು ನನ್ನ ಕೈಗೆ ಕೊಟ್ಟು, ಮನೆ ಬಾಗಿಲು ಹಾಕಿದ ಮೇಲೆ ಮಾತು ತೆಗೆದಳು.

“ಬೋರ್ಡ್ ಮೇಲೆ ನನ್ನ ಅಕ್ಷರ ನೋಡಿ ನನಗೇ ಅನುಮಾನ ಬಂತು ಅಕ್ಕಾ. ನಿದ್ದೇಲಿ ಬರೆದ್ನೇನೋ ಅಂತ.” ನಗಲು ನೋಡಿದಳು. “ಪಂಪಿನ ಹಿಡಿ ಮುರಿದಿಲ್ಲ ಕಣೇ. ಅದೊಂದೇ ಸರಿಯಾಗಿರೋದು ಊರಲ್ಲಿ.”

ಎಲ್ಲ ಹೇಳಿದೆ. ಜೀಪು, ಹಳದಿ, ಚಪ್ಪಲಿ.

“ಮೇಷ್ಟ್ರ ವಿಷಯ ಎಲ್ಲಾದ್ರೂ ಒಂದ್ ಕಡೆ ಬರೆದ್ಯಲ್ಲ. ಅದು ಒಳ್ಳೇದಾಯ್ತು” ಎಂದಳು.

ನಿನ್ನೆ ಅವರು ಆರೋಗ್ಯ ಕೇಂದ್ರಕ್ಕೆ ಬಂದಿದ್ದರಂತೆ. ಬಹಳ ಮರ್ಯಾದೆ. ಒಬ್ಬನಿಗೆ ಜ್ವರ ಇತ್ತು, ಮಾತ್ರೆ ಕೊಟ್ಟಳಂತೆ. ಹೋಗುವಾಗ, ಭಾನುವಾರ ಸಂಜೆ ಬಸ್ಸಿಗೆ ಬಂದೇ ಬರ್ತೀರಲ್ಲ ಸಿಸ್ಟರ್ ಎಂದರಂತೆ.

“ಹೋಗ್ಬೇಡ” ಎಂದೆ. ಕಾಲು ಹಿಡಿಯುವುದೊಂದು ಬಾಕಿ.

“ನಾನು ಬಾಡಿಗೆಗಿರೋ ಮನೆಯೊಡತಿ, ಅವಳ ಎರಡು ಮಕ್ಕಳು. ನಾನು ಹೋಗದಿದ್ರೆ ಅವಳನ್ನ ಕೇಳ್ತಾರೆ. ನಿಮ್ಮ ನರ್ಸು ಎಲ್ಲಿ ಅಂತ.”

“ನಾನೇ ಬರ್ದಿದ್ದು ಅಂತ ಹೇಳು.”

“ಸುಮ್ನಿರೇ.” ಅಮ್ಮನ ಸ್ವರ. ಇವಳಿಗೆ ಅಮ್ಮನ ಸ್ವರ ಎಲ್ಲಿಂದ ಬಂತು... ಅಮ್ಮ ಹೋದಾಗ ನಾಲ್ಕು ವರ್ಷದವಳು.

ಜುಲೈ 21, ಭಾನುವಾರ

ಹೋದಳು.

ಆಗಸ್ಟ್ 3, ಶನಿವಾರ. ಸಂಜೆ

ಮೊದಲ ಬಸ್ಸಿಗೆ ಬರಲಿಲ್ಲ. ಎರಡನೆಯದಕ್ಕೂ. ಕಂಡಕ್ಟರನನ್ನು ಕೇಳಿದೆ. ಟಿಕೆಟ್ ಮಿಷನ್ನಿನ ಕಡೆ ನೋಡುತ್ತ, “ಗೊತ್ತಿಲ್ಲಮ್ಮ” ಎಂದ. ಆರು ವರ್ಷದಿಂದ ಅವಳಿಗೆ ಕಿಟಕಿ ಸೀಟು ಹಿಡಿದಿಡುತ್ತಿದ್ದವನು.

ಬಸ್‌ಸ್ಟ್ಯಾಂಡಿನಿಂದ ಕ್ಯಾಂಪಿನ ಕಡೆ ನಡೆದೆ. ಗೇಟಿನವರೆಗೂ ಹೋದೆ. ಒಳಗೆ ಮೂರು ಲಾರಿ ಸಾಲಾಗಿ ನಿಂತಿದ್ದವು, ತೊಳೆದು ಮಿರುಗುತ್ತ. ಮೇಜರ್ ವರಾಂಡದಲ್ಲಿ ಬೂಟು ಬಿಚ್ಚುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ಒಂದು ಮಾತು ಸಾಕಿತ್ತು. ಅವರು ಬರುತ್ತಿದ್ದರು, ಬೆಳಗಾಗುವುದರೊಳಗೆ, ತಮಗೆ ಗೊತ್ತಿರುವ ಒಂದೇ ರೀತಿಯಲ್ಲಿ. ಎಂಟು ಬಸುರಿಯರು. ಮನೆಯೊಡತಿ. ಬೀರುವಿನ ಹಿಂದೆ ಅಡಗಿರುವವನು ಯಾರು, ಅಡಗಿಸಿದವಳು ಯಾರು, ಕತ್ತಲೆಯಲ್ಲಿ ಯಾರು ನೋಡುತ್ತಾರೆ.

“ಏನಾದ್ರೂ ಹೇಳೋದಿತ್ತಾ ಮೇಡಂ?”

“ಇಲ್ಲ ಸಾರ್. ದಾರಿ ತಪ್ಪಿತು.”

ನಾಳೆ ಬೆಳಗಿನ ಬಸ್ಸು ಆರೂ ಕಾಲಿಗೆ.

ಆಗಸ್ಟ್ 4, ಭಾನುವಾರ. ಹನ್ನೊಂದು ಗಂಟೆ

23ರ ಶಾಲೆ. ಮಕ್ಕಳ ಬೆಂಚಿನ ಮೇಲೆ ಕೂರಿಸಿದ್ದಾರೆ. ಕೂತ್ಕೊಳ್ಳಿ ಎಂದೇ ಶುರು ಮಾಡಿದರು.

ದಾರಿಯುದ್ದಕ್ಕೂ ಮಂಜು. ಬಸ್ಸು ತೇಲುತ್ತಿದೆಯೋ ಅನ್ನಿಸುವಷ್ಟು. ಇಳಿದಾಗ ಊರು ಒಂದೊಂದೇ ಮನೆಯಾಗಿ ಮೂಡಿತು. ಹತ್ತೊಂಬತ್ತು ವರ್ಷ ಇದೊಂದು ನಂಬರು. ಬಾಗಿಲುಗಳಲ್ಲಿ ಹೆಂಗಸರು. ನನ್ನ ಮುಖ ನೋಡಿ ಒಬ್ಬಳು ಬಾಯಿಗೆ ಸೆರಗು ಹಿಡಿದಳು. ಅಕ್ಕತಂಗಿ ಎಂದು ಗೊತ್ತಾಗುತ್ತದೆ.

ಆಚೆಯವರ ಪೈಕಿ ಮಾತಾಡಿದ್ದು ಒಬ್ಬ ಹೆಂಗಸು. ನನಗಿಂತ ಚಿಕ್ಕವಳು, ಮೃದುವಾದ ಸ್ವರ.

“ಆ ಅರ್ಜಿ ಬರೆದಿದ್ದು ನಾನು” ಎಂದೆ.

“ನಿಮ್ಮ ತಂಗೀನೂ ಅದನ್ನೇ ಹೇಳ್ತಿದಾರೆ. ಎರಡು ವಾರದಿಂದ. ತಾನೇ ಬರೆದಿದ್ದು, ಬೇರೆ ಯಾರಿಗೂ ಸಂಬಂಧ ಇಲ್ಲ ಅಂತ.”

ಹೇಳ್ತಿದಾರೆ. ಹೇಳ್ತಿದ್ರು ಅಲ್ಲ. ಬೆಂಚು ಹಿಡಿದುಕೊಂಡೆ.

“ಎಲ್ಲಿದಾಳೆ?”

“ಇದಾರೆ. ಈಗ ನೀವೂ ಒಪ್ಕೊಂಡ್ರಿ. ಅಕ್ಷರ ನೋಡಿದ್ರೆ ಇಬ್ಬರದೂ ಒಂದೇ. ತಂಗೀನ ಉಳಿಸೋಕೆ ಅಕ್ಕ ಏನು ಬೇಕಾದ್ರೂ ಹೇಳ್ತಾಳೆ. ನಾನು ಯಾರನ್ನ ನಂಬ್ಲಿ ಹೇಳಿ?”

ಅದಕ್ಕೇ ತಂದಿದ್ದೆ, ಈ ಪುಸ್ತಕ. ಜುಲೈ 3ರ ಪುಟ. ನಾಲ್ಕು ಅರ್ಜಿ, ಯಾವಾಗ, ಹೇಗೆ, ಯಾಕೆ. ಅವಳಿಗೆ ಗೊತ್ತಿರಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿಯಿಲ್ಲ. ಬಸ್ಸಿನಲ್ಲಿ ಮತ್ತೆ ಮತ್ತೆ ಆ ಪುಟವನ್ನೇ ಓದಿಕೊಂಡೆ. ಬೇರೆ ಪುಟ ತಿರುವಲಿಲ್ಲ. ಎಂಥ ದಡ್ಡಿ.

“ಸಾಕ್ಷಿ ಇದೆ. ದಿನಚರಿ” ಎಂದುಬಿಟ್ಟೆ.

“ಕೊಡಿ ನೋಡೋಣ.”

ಆಗ ನೆನಪಾಯಿತು. ಜೂನ್ 22.

‘ಜೀಪಿಗೆ ಕಾಯ್ತಿದಾರೆ.’ ಅವಳ ಮಾತು, ಅವಳು ಹೇಳಿದ ಹಾಗೆಯೇ, ನನ್ನ ಚೊಕ್ಕ ಅಕ್ಷರದಲ್ಲಿ. ಅರ್ಜಿ ಬರೆದವಳು ಅವಳಲ್ಲ ಎಂದು ಹೇಳುವ ಪುಸ್ತಕವೇ, ಅದಕ್ಕಿಂತ ದೊಡ್ಡದನ್ನು ಹೇಳಿದವಳು ಅವಳೇ ಎನ್ನುತ್ತದೆ.

“ಇವತ್ತಿನದು ಬರೆದು ಕೊಡ್ತೀನಿ” ಎಂದೆ. ವಿಚಿತ್ರವಾಗಿ ನೋಡಿದಳು. ಆಯಿತೆಂದು ತಲೆಯಾಡಿಸಿ ಬಾಗಿಲಿಗೆ ಹೋದಳು. ಅಲ್ಲೇ ನಿಂತಿದ್ದಾಳೆ, ಬೆನ್ನು ಮಾಡಿ. ಯಾರ ಹತ್ತಿರವೋ ಮಾತಾಡುತ್ತಿದ್ದಾಳೆ.

ಆ ಹಾಳೆ ಹರಿದುಬಿಡಬಹುದು. ಹರಿದರೆ ಜೊತೆಯ ಹಾಳೆಯೂ ಸಡಿಲವಾಗಿ ಈಚೆ ಬರುತ್ತದೆ. ಜೊತೆಯ ಹಾಳೆ ಜುಲೈ 3. ಈಗಷ್ಟೇ ಹೊಲಿಗೆ ನೋಡಿದೆ. ಮೇಲಾಗಿ ಪ್ರತಿ ಪುಟದ ಮೂಲೆಯಲ್ಲೂ ನಂಬರು, ಆಫೀಸಿನ ಚಾಳಿ. ಒಂದು ಹೋದರೂ ಎಣಿಸಿದವರಿಗೆ ತಿಳಿಯುತ್ತದೆ. ಇವರು ಎಣಿಸುವ ಜನ.

ಮಸಿ ಚೆಲ್ಲಿದರೆ? ಬಾಲ್ ಪೆನ್ನು.

ಗೋಡೆಯ ಆಚೆ ಯಾರೋ ಕೆಮ್ಮಿದರು. ಅವಳೇ. ಮಳೆಗಾಲದ ಕೆಮ್ಮು, ಚಿಕ್ಕಂದಿನಿಂದ ಇದೆ. ನಾನು ಬಂದದ್ದು ಗೊತ್ತಿದೆಯೋ ಇಲ್ಲವೋ. ನಡುವೆ ಒಂದು ಇಟ್ಟಿಗೆಯಷ್ಟು ದಪ್ಪ.

ಮಾತು ಮುಗಿಸಿ ಈ ಕಡೆ ತಿರುಗಿದಳು. ಬರುತ್ತಿದ್ದಾಳೆ. ಅವಸರವಿಲ್ಲ. ಇನ್ನು ನಾಲ್ಕು ಬೆಂಚು. ಬರೆಯುತ್ತಿರುವವರೆಗೆ ಪುಸ್ತಕ ನನ್ನ ಕೈಯಲ್ಲಿ. ಮೂರು. ಏನಾದರೂ ಬರೆಯುತ್ತಲೇ ಇರಬೇಕು, ಮೇಷ್ಟ್ರ ಬೋರ್ಡಿನ ಮೇಲೆ ಮಾರ್ಚಿನ ತಾರೀಕು ಹಾಗೆಯೇ ಇದೆ, ಕಿಟಕಿಗೆ ಸರಳಿಲ್ಲ, ಹೊರಗೆ ಮಂಜು ಕರಗಿ ಬಿಸಿಲು, ಒಬ್ಬಳು ನೀರು ಹೊತ್ತು ಹೋಗುತ್ತಿದ್ದಾಳೆ, ತುಂಬು ಬಸುರಿ, ತಂಗಿ ಹೇಳಿದ ಎಂಟರಲ್ಲಿ ಒಬ್ಬಳಿರಬೇಕು, ಇವಳಿಗೆ ಯಾರು ಈಗ

ಕೈ ಚಾಚಿದಳು. ಅಂಗೈ ಮೇಲೆ ಮಾಡಿ, ಕೇಳುವವರ ಹಾಗೆ. “ಆಯ್ತಾ ಅಕ್ಕಾ?” ಎನ್ನುತ್ತಿದ್ದಾಳೆ. ಇನ್ನೊಂದು ಸಾಲು ಎಂದೆ. ಇನ್ನೊಂದೇ